ಜಲೀಲ, ಶರೀಫ ಮತ್ತು ನಮ್ಮ ಮನೆಯ ಟಿ.ವಿ.

ಹುಬ್ಬಳ್ಳಿ-ಧಾರವಾಡದ ಕಡೆ ಟಿ.ವಿ.ಯಲ್ಲಿ ಸಿನಿಮಾ 'ಬರುತ್ತದೆ' ಎನ್ನುವವರು ಕಡಿಮೆ. ಇಲ್ಲಿ ಸಿನಿಮಾ 'ಹಚ್ಚುತ್ತಾರೆ'. "ಕಸ್ತೂರಿ ನಿವಾಸ ಹಚ್ಯಾರ, ಬರ್ರಿ" ಎಂದು ಒಳಗಿನಿಂದ ಒಂದು ಕೂಗು ಕೇಳಿದರೆ ಸಾಕು, ಕೈಯಲ್ಲಿ ಲಟ್ಟಣಿಗೆ ಹಿಡಿದವರು ಲಟ್ಟಣಿಗೆ ಸಮೇತ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಾರೆ. ಅರ್ಧ ಸಿನಿಮಾ ಮುಗಿದಿರುತ್ತದೆ. ಅದರಿಂದ ಯಾರಿಗೂ ನಷ್ಟವಿಲ್ಲ. ಮುಂದೇನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಗೊತ್ತಿದ್ದೇ ನಿಂತು ನೋಡುತ್ತಾರೆ.

ಹೀಗೆ ಗೊತ್ತಿದ್ದೂ ನೋಡುವ ಸಿನಿಮಾಗಳ ಬಗ್ಗೆ ನಮ್ಮ ವಿಮರ್ಶಕರು ಹೆಚ್ಚು ಬರೆದಿಲ್ಲ. ವಿಮರ್ಶೆಯೆಂದರೆ ಶುಕ್ರವಾರ ಬಿಡುಗಡೆಯಾದ ಚಿತ್ರಕ್ಕೆ ಭಾನುವಾರ ಅಂಕ ಕೊಡುವುದು ಎಂದಾಗಿಬಿಟ್ಟಿದೆ. ಒಂದು ಚಿತ್ರದ ನಿಜವಾದ ಪರೀಕ್ಷೆ ನಡೆಯುವುದು ಹತ್ತನೆಯ ಸಲ, ಕತೆಯ ಕುತೂಹಲ ಪೂರ್ತಿ ಸತ್ತ ಮೇಲೆ, ಜಾಹೀರಾತುಗಳ ನಡುವೆ, ಮನೆಯ ಗದ್ದಲದ ನಡುವೆ. ಆಗಲೂ ಕೈಯಲ್ಲಿನ ಕೆಲಸ ನಿಲ್ಲಿಸುವ ಶಕ್ತಿ ಅದಕ್ಕಿದೆಯೇ ಎಂಬುದು ಪ್ರಶ್ನೆ. ಮತ್ತೆ ಮತ್ತೆ ನೋಡಿದ್ದು ಮನಸ್ಸಿನ ತಳಕ್ಕೆ ಇಳಿಯುತ್ತದೆ. ನೆರೆಮನೆಯವರು ನಮ್ಮನ್ನು, ನಾವು ನೆರೆಮನೆಯವರನ್ನು ಹೇಗೆ ಕಾಣುತ್ತೇವೆ ಎಂಬುದನ್ನೂ ಅದು ತಿದ್ದುತ್ತಿರುತ್ತದೆ. ಆದ್ದರಿಂದ ಈ ಮಾತನ್ನು ಬರಿಯ ಮನರಂಜನೆಯ ಮಾತೆಂದು ಬಿಡುವಂತಿಲ್ಲ.

ನಮ್ಮಲ್ಲಿ ಟಿ.ವಿ.ಯನ್ನೇ ಮನೆಯೊಳಗೆ ತರದ ಕುಟುಂಬಗಳಿವೆ, ಅವರ ಕಾರಣಗಳನ್ನು ನಾವು ಗೌರವಿಸುತ್ತೇವೆ. ಮಗ್ರಿಬ್ ಹೊತ್ತಿಗೆ ಅದರ ಮೇಲೆ ಬಟ್ಟೆ ಹೊದಿಸಿ, ಇಶಾ ಮುಗಿದ ಮೇಲೆ ತೆಗೆಯುವ ಮನೆಗಳೂ ಇವೆ. ಈ ಲೇಖನ ಎರಡನೆಯ ಬಗೆಯ ಮನೆಗಳ ಕುರಿತದ್ದು.

ಮೊದಲು 'ನಾಗರಹಾವು'. 1972ರಲ್ಲಿ ಪುಟ್ಟಣ್ಣ ಕಣಗಾಲ್ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಮಾಡಿದ ಚಿತ್ರ. ವಿಷ್ಣುವರ್ಧನ್ ನಾಯಕರಾಗಿ ನಿಂತದ್ದು ಅದರಲ್ಲಿ, ಅಂಬರೀಶ್ ಪರದೆಗೆ ಬಂದದ್ದೂ ಅದರಲ್ಲಿ. 2018ರಲ್ಲಿ ಅದನ್ನು ಹೊಸ ತಂತ್ರಜ್ಞಾನದಲ್ಲಿ ಮತ್ತೆ ಬಿಡುಗಡೆ ಮಾಡಿದರು, ಅದೇ ವರ್ಷ ನವೆಂಬರಿನಲ್ಲಿ ಅಂಬರೀಶ್ ತೀರಿಕೊಂಡರು. ಆ ವಾರ ಟಿ.ವಿ.ಯಲ್ಲಿ ನಾವು ಮತ್ತೆ ಮತ್ತೆ ಕಂಡದ್ದು ಅವರ ಆ ಮೊದಲ ಪಾತ್ರವನ್ನು. ಚಿತ್ರದುರ್ಗದ ಬೀದಿಯಲ್ಲಿ ಅಲಮೇಲುವನ್ನು 'ಬುಲ್‌ಬುಲ್' ಎಂದು ಕರೆದು ಕಾಡುವ ಪೋಲಿ. ಹೆಸರು ಜಲೀಲ.

ಈ ಜಲೀಲನನ್ನು ನಮ್ಮ ಓಣಿಗಳ ಹುಡುಗರು ಪ್ರೀತಿಸಿದಷ್ಟು ಬೇರಾರೂ ಪ್ರೀತಿಸಿರಲಾರರು. ಸಿಗರೇಟು ಬಾಯಿಗೆ ಎಸೆದು ಹಿಡಿಯುವ ಅವನ ಚಮತ್ಕಾರವನ್ನು ಬೀಡಿ ಸೇದದ ಹುಡುಗರು ಬಳಪದಲ್ಲಿ ಅಭ್ಯಾಸ ಮಾಡಿದ್ದುಂಟು. ಒಬ್ಬ ನಟ ಕೆಲವೇ ನಿಮಿಷಗಳ ಪಾತ್ರದಲ್ಲಿ ಇಷ್ಟು ದೂರ ಬರಬಲ್ಲನೆಂದರೆ ಅದು ಅವನ ಶಕ್ತಿ, ಅದನ್ನು ಒಪ್ಪಲೇಬೇಕು. ಆದರೆ ಹತ್ತನೆಯ ಸಲ ನೋಡುವಾಗ ಕಣ್ಣು ಬೇರೆ ಕಡೆ ಹೋಗುತ್ತದೆ. 'ಜಲೀಲ್' ಎಂಬುದು ಅಲ್ಲಾಹನ ಹೆಸರುಗಳಲ್ಲಿ ಒಂದು, ಮಹಿಮಾನ್ವಿತ ಎಂಬುದು ಅದರ ಅರ್ಥ. ಅದನ್ನು ಹೆಣ್ಣುಮಕ್ಕಳನ್ನು ಕಾಡುವವನ ಕೊರಳಿಗೆ ಕಟ್ಟಿದ್ದು ಬೇಕೆಂದು ಮಾಡಿದ ಅವಮಾನವೆಂದು ನಾವು ಹೇಳುವುದಿಲ್ಲ. ಪುಟ್ಟಣ್ಣನವರ ಮನಸ್ಸು ಅಂಥದ್ದಲ್ಲ. ಜಾತಿ-ಧರ್ಮದ ಗೋಡೆಗೆ ತಲೆ ಚಚ್ಚಿಕೊಂಡು ಸಾಯುವ ಇಬ್ಬರು ಪ್ರೇಮಿಗಳ ಕತೆಯೇ ಆ ಚಿತ್ರ. ಕ್ರೈಸ್ತ ಮಾರ್ಗರೆಟ್‌ಗೆ ಅಲ್ಲಿ ಒಂದು ಮನೆಯಿದೆ, ಕಣ್ಣೀರಿದೆ, ಮದುವೆಯ ಆಸೆಯಿದೆ. ಜಲೀಲನಿಗೆ ಮನೆಯಿಲ್ಲ. ಅವನಿಗೆ ತಾಯಿ ಇದ್ದಾಳೋ ಇಲ್ಲವೋ ನಮಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಅವನು ಬೀದಿಯಿಂದ ಬರುತ್ತಾನೆ, ಏಟು ತಿಂದು ಹೋಗುತ್ತಾನೆ. ಅವನಿಗೆ ಏಟು ಕೊಟ್ಟದ್ದರಿಂದಲೇ ರಾಮಾಚಾರಿಗೆ ಅಲಮೇಲುವಿನ ಮೇಲೆ ಹಕ್ಕು ಹುಟ್ಟುತ್ತದೆ. ಕತೆಯ ಯಂತ್ರಕ್ಕೆ ಅವನು ಒಂದು ಹಲ್ಲು, ಅಷ್ಟೇ. ಇದು ಮೊದಲ ನೋಟಕ್ಕೆ ಕಾಣುವುದಿಲ್ಲ, ಟಿ.ವಿ.ಯ ಮರುಪ್ರಸಾರಗಳೇ ಕಾಣಿಸಬೇಕು.

ಇನ್ನು 'ಕಸ್ತೂರಿ ನಿವಾಸ'. ದೊರೆ-ಭಗವಾನ್ ಜೋಡಿಯ 1971ರ ಚಿತ್ರ. 2014ರಲ್ಲಿ ಅದಕ್ಕೆ ಬಣ್ಣ ಹಚ್ಚಿ ಬಿಡುಗಡೆ ಮಾಡಿದರು, ನಮಗೆ ಕಪ್ಪು-ಬಿಳುಪೇ ಇಷ್ಟ. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ರವಿವರ್ಮ ಕೊಟ್ಟು ಕೊಟ್ಟು ಬರಿಗೈಯಾಗುತ್ತಾನೆ. ಕೊನೆಗೆ ಮನೆಗೆ ಬಂದ ಅತಿಥಿಗೆ ಒಂದು ಊಟ ಹಾಕಲು ಅವನ ಬಳಿ ಉಳಿದಿದ್ದ ಪಾರಿವಾಳವೂ ಕೈಬಿಟ್ಟು ಹೋಗುತ್ತದೆ. ಆ ಅತಿಥಿ ಬಂದಿದ್ದು, ಕಾಯಿಲೆ ಬಿದ್ದ ಮಗುವಿಗಾಗಿ ಅದೇ ಪಾರಿವಾಳವನ್ನು ಕೇಳಲು.

ಈ ದೃಶ್ಯ ಬಂದಾಗ ನಮ್ಮ ಮನೆಗಳ ಹಿರಿಯರು 'ಹಾತಿಮ್ ತಾಯಿ' ಎನ್ನುತ್ತಾರೆ. ಆ ಮಾತಿಗೆ ಆಧಾರವಿದೆ. ಶೇಖ್ ಸಾದಿ 1257ರಲ್ಲಿ ಮುಗಿಸಿದ 'ಬೂಸ್ತಾನ್'ನಲ್ಲಿ ಇದೇ ಪ್ರಸಂಗವಿದೆ. ರೂಮಿನ ಸುಲ್ತಾನ ಹಾತಿಮನ ಔದಾರ್ಯವನ್ನು ಪರೀಕ್ಷಿಸಲು ಅವನ ಹೆಸರಾಂತ ಕುದುರೆಯನ್ನು ಕೇಳಿ ದೂತನನ್ನು ಕಳಿಸುತ್ತಾನೆ. ದೂತ ಬಂದ ರಾತ್ರಿ ಮಳೆ, ಹಿಂಡು ಮೇಯಲು ಹೋದ ಕಡೆಗೆ ಹೋಗುವ ದಾರಿಯಿಲ್ಲ. ಬಂದವರಿಗೆ ಉಣಬಡಿಸಲು ಹಾತಿಮ್ ಆ ಕುದುರೆಯನ್ನೇ ಕೊಯ್ಯುತ್ತಾನೆ. ಬೆಳಗ್ಗೆ ದೂತ ಬಾಯಿ ಬಿಟ್ಟು ಕೇಳಿದ್ದು ಅದನ್ನೇ. ಮುಂದಿನ ಶತಮಾನದಲ್ಲಿ ಇಟಲಿಯ ಬೊಕಾಚ್ಚೊ ಬರೆದ ಒಂದು ಕತೆಯಲ್ಲಿ ಅದು ಗಿಡುಗವಾಗಿದೆ, ಕಾಯಿಲೆಯ ಮಗುವೂ ಅಲ್ಲಿದೆ. ಕತೆಗಳು ಹೀಗೆ ನಾಡಿನಿಂದ ನಾಡಿಗೆ ಅಲೆಯುತ್ತವೆ. ಯಾರು ಯಾರಿಂದ ತೆಗೆದುಕೊಂಡರೆಂದು ಲೆಕ್ಕ ಹಾಕುವುದಕ್ಕಿಂತ, ಅರಬರ ಹಾತಿಮ್ ಕನ್ನಡದಲ್ಲಿ ರಾಜಕುಮಾರರ ಮುಖ ಪಡೆದನೆಂದು ನೋಡುವುದು ನಮಗೆ ಸಂತೋಷ ಕೊಡುತ್ತದೆ. ಒಂದು ವ್ಯತ್ಯಾಸ ಮಾತ್ರ ಮತ್ತೆ ಮತ್ತೆ ಕಾಡುತ್ತದೆ. ಹಾತಿಮ್ ಮಾರನೆಯ ದಿನವೂ ಬದುಕಿರುತ್ತಾನೆ, ಇನ್ನೊಬ್ಬ ಅತಿಥಿಗಾಗಿ ಕಾಯುತ್ತಾನೆ. ರವಿವರ್ಮ ಸಾಯುತ್ತಾನೆ. ಕೊಡುವವನ ಕೈ ಎಂದೂ ಮೇಲೇ ಇರಬೇಕೆಂಬ ಮನೆತನದ ಹಟ ಅವನನ್ನು ಕೊಲ್ಲುತ್ತದೆ. ಪಡೆಯಲು ಗೊತ್ತಿಲ್ಲದವನ ದಾನದಲ್ಲಿ ಅಹಂಕಾರದ ಒಂದು ಎಳೆ ಇರುತ್ತದೆಂದು ಚಿತ್ರ ಸ್ಪಷ್ಟವಾಗಿ ಹೇಳುವುದಿಲ್ಲ, ಆದರೆ ರಾಜಕುಮಾರರ ಅಭಿನಯ ಅದನ್ನು ಮುಚ್ಚಿಟ್ಟೂ ಇಲ್ಲ.

'ಬಂಗಾರದ ಮನುಷ್ಯ'ದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾವು ಬಿಡುತ್ತೇವೆ. 'ಬೆಟ್ಟದ ಹೂವು' (1985) ಬಗ್ಗೆ ಒಂದೇ ಮಾತು. 2021ರ ಅಕ್ಟೋಬರಿನಲ್ಲಿ ಪುನೀತ್ ಹೋದ ಮೇಲೆ ಅದನ್ನು ನೋಡುವುದು ಕಷ್ಟವಾಗಿದೆ. ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಲು ಕಾಸಿಗೆ ಕಾಸು ಕೂಡಿಸಿದ ಹುಡುಗ ಆ ದುಡ್ಡಿನಲ್ಲಿ ಮನೆಯವರಿಗೆ ಕಂಬಳಿ ತರುವಾಗ, ಪುಸ್ತಕ ಮತ್ತು ಚಳಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಮನೆಗಳಲ್ಲಿ ಬೆಳೆದವರು ಸುಮ್ಮನೆ ಎದ್ದು ಹಿತ್ತಲಿಗೆ ಹೋಗುತ್ತಾರೆ.

ನಮ್ಮ ಊರಿನ ಕಿವಿ ತನ್ನದೆಂದು ಹೇಳಿಕೊಳ್ಳಬಹುದಾದ ಚಿತ್ರಗಳು ಎರಡು: 'ಸಂಧ್ಯಾರಾಗ' (1966) ಮತ್ತು 'ಸನಾದಿ ಅಪ್ಪಣ್ಣ' (1977). ಅ.ನ.ಕೃ. ಕಾದಂಬರಿಯಿಂದ ಬಂದ 'ಸಂಧ್ಯಾರಾಗ'ದಲ್ಲಿ ಭೀಮಸೇನ ಜೋಶಿ ಹಾಡಿದ್ದಾರೆ. ಗದಗಿನ ಕಡೆಯ ಹುಡುಗ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿಹೋಗಿ, ಊರೂರು ಅಲೆದು, ಕೊನೆಗೆ ಹುಬ್ಬಳ್ಳಿಯ ಪಕ್ಕದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಕಾಲು ಹಿಡಿದ ಕತೆ ಇಲ್ಲಿ ಎಲ್ಲರಿಗೂ ಗೊತ್ತು. ಸವಾಯಿ ಗಂಧರ್ವರ ಗುರು ಕಿರಾನಾದ ಉಸ್ತಾದ್ ಅಬ್ದುಲ್ ಕರೀಂ ಖಾನ್. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರೂ ಅದೇ ಬಳ್ಳಿಯವರು. ಧಾರವಾಡದಲ್ಲಿ ಸಿತಾರಿನ ಮನೆತನವನ್ನು ಕಟ್ಟಿದವರು ರಹಿಮತ್ ಖಾನ್, ಅದನ್ನು ನಮ್ಮ ಕಾಲಕ್ಕೆ ತಂದವರು 2007ರಲ್ಲಿ ತೀರಿಕೊಂಡ ಬಾಲೇಖಾನ್. ಹೀಗಾಗಿ ಭಾನುವಾರ ಮಧ್ಯಾಹ್ನ ಆ ಚಿತ್ರದಲ್ಲಿ ಭೀಮಸೇನರ ದನಿ ಏರಿದಾಗ ಇಲ್ಲಿನ ಮನೆಗಳಲ್ಲಿ ಕೇಳುವುದು ಬರಿಯ ಹಿನ್ನೆಲೆ ಗಾಯನವಲ್ಲ. ಯಾರ ತಾಲೀಮು ಯಾರ ಗಂಟಲಲ್ಲಿ ಕೂತಿದೆಯೆಂದು ತಿಳಿದವರು ಕೇಳುವ ಕೇಳ್ಮೆ ಅದು. ಚಿತ್ರ ಹಳೆಯದಾಗಿದೆ, ನಾಟಕದ ಧಾಟಿಯ ಮಾತು ಕೆಲವೆಡೆ ಆಕಳಿಕೆ ತರಿಸುತ್ತದೆ. ಹಾಡು ಬಂದಾಗ ಅದೆಲ್ಲ ಮರೆತುಹೋಗುತ್ತದೆ.

'ಸನಾದಿ ಅಪ್ಪಣ್ಣ' ಇನ್ನೂ ಹತ್ತಿರದ್ದು. ಉತ್ತರ ಕರ್ನಾಟಕದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರ ಕೃತಿ, ವಿಜಯ್ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ಅಪ್ಪಣ್ಣನಾದವರು ರಾಜಕುಮಾರ್, ಅವರ ಕೈಯಲ್ಲಿದ್ದ ಸನಾದಿಗೆ ಉಸಿರಾದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಸಿನಿಮಾಕ್ಕೆ ಸುಲಭವಾಗಿ ಒಲಿಯುವ ಮನುಷ್ಯ ಅವರಲ್ಲ. ಹಿಂದಿಯಲ್ಲಿ 1959ರ 'ಗೂಂಜ್ ಉಠೀ ಶಹನಾಯಿ'ಗೆ ನುಡಿಸಿದ್ದವರು, ಕನ್ನಡದ ಒಬ್ಬ ಹಳ್ಳಿ ಸನಾದಿಯವನಿಗಾಗಿ ಮತ್ತೆ ನುಡಿಸಿದರು.

ನಮ್ಮ ಕಡೆ ಸನಾದಿಯ ಸಮಾಜಶಾಸ್ತ್ರ ಬಲ್ಲವರಿಗೆ ಈ ಚಿತ್ರದ ತೂಕ ಗೊತ್ತಾಗುತ್ತದೆ. ಮದುವೆಗೆ, ಜಾತ್ರೆಗೆ, ಗೃಹಪ್ರವೇಶಕ್ಕೆ ಭಜಂತ್ರಿಯವರ ಸನಾದಿ ಇಲ್ಲದೆ ನಡೆಯದು. ಆದರೆ ನುಡಿಸುವವರು ಕೂರುವುದು ಚಪ್ಪರದ ಹೊರಗೆ, ಉಣ್ಣುವುದು ಎಲ್ಲರ ಪಂಕ್ತಿ ಎದ್ದ ಮೇಲೆ. ನಾದ ಮಂಗಳ, ನುಡಿಸುವ ಮೈ ಮೈಲಿಗೆ. ಧಾರವಾಡದ ಶುಕ್ರವಾರಪೇಟೆಯಲ್ಲಿ ಬೆಳೆದ ಗಂಗೂಬಾಯಿಯವರೂ ಹುಟ್ಟಿದ ಮನೆಯ ಕಾರಣಕ್ಕೆ ಇಂಥದೇ ಮಾತುಗಳನ್ನು ಕೇಳಿ ಬೆಳೆದವರು. ಈ ಅಪಮಾನವನ್ನು ರಾಜಕುಮಾರ್ ಸನಾದಿ ಹಿಡಿಯುವ ರೀತಿಯಲ್ಲೇ ತೋರಿಸುತ್ತಾರೆ. ದೇವರ ಮುಂದೆ ಹಿಡಿದಾಗ ಎದೆ ಅರಳಿರುತ್ತದೆ, ಮನುಷ್ಯರ ಮುಂದೆ ಹಿಡಿದಾಗ ಭುಜ ಸ್ವಲ್ಪ ಒಳಗೆ ಹೋಗುತ್ತದೆ. ಇದನ್ನು ಒಂದು ಸಲ ನೋಡಿ ಹಿಡಿಯುವುದು ಕಷ್ಟ.

ಬಿಸ್ಮಿಲ್ಲಾ ಖಾನರದು ಕಾಶಿಯ ಬಾಲಾಜಿ ಮಂದಿರದಲ್ಲಿ ರಿಯಾಝ್ ಮಾಡಿದ ಬದುಕು, ಮೊಹರಂನಲ್ಲಿ ಬರಿಗಾಲಲ್ಲಿ ನಡೆಯುತ್ತ ಇಮಾಮ್ ಹುಸೈನರ ಶೋಕದ ಧುನ್ ನುಡಿಸಿದ ಬದುಕು. 2001ರಲ್ಲಿ ಭಾರತರತ್ನ, 2006ರಲ್ಲಿ ನಿಧನ. ಆ ಉಸಿರು ಕನ್ನಡದ ಒಬ್ಬ ಕೆಳಜಾತಿಯ ಕಲಾವಿದನ ದುಃಖವಾಗಿ ಹೊರಡುವಾಗ, ಜೊತೆಗೆ ಎಸ್. ಜಾನಕಿಯವರ ದನಿ ಸನಾದಿಯನ್ನು ಹಿಂಬಾಲಿಸುತ್ತ, ಅದರೊಡನೆ ಪೈಪೋಟಿ ಮಾಡುತ್ತ ಏರುವಾಗ, ಭಾವೈಕ್ಯ ಎಂಬ ಪದ ಬಳಸದೆಯೇ ಆ ಕೆಲಸ ನಡೆದುಹೋಗಿರುತ್ತದೆ. ಸರಿಯಾಗಿ ಇದೇ ಹಾಡಿನ ನಡುವೆ ಸಾಬೂನಿನ ಜಾಹೀರಾತು ತುರುಕುವವರಿಗೆ ಏನು ಹೇಳಬೇಕೋ ತಿಳಿಯದು. ಶಹನಾಯಿಯವನು ಉಸಿರು ಕಟ್ಟಿ ನುಡಿಸುತ್ತಾನೆ, ಉಸಿರಿನ ನಡುವೆ ಕತ್ತರಿ ಹಾಕಬಾರದು ಎಂಬಷ್ಟು ಅರಿವಾದರೂ ಬೇಕು.

ಹೆಸರಿಟ್ಟು ಭಾವೈಕ್ಯ ಹೇಳುವ ಚಿತ್ರ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' (1990). ರಾಷ್ಟ್ರೀಯ ಭಾವೈಕ್ಯಕ್ಕಾಗಿ ನರ್ಗಿಸ್ ದತ್ ಪ್ರಶಸ್ತಿ ಪಡೆಯಿತು. ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ್. ಸಿ. ಅಶ್ವತ್ಥರ ಸಂಗೀತದಿಂದ ಶಿಶುನಾಳದ ಪದಗಳು ಬೆಂಗಳೂರು, ಮೈಸೂರಿನ ಮನೆಗಳಿಗೂ ತಲುಪಿದವು. ಶಿಶುನಾಳ ಇಂದು ಹಾವೇರಿ ಜಿಲ್ಲೆಯಲ್ಲಿದೆ, ಚಿತ್ರ ತೆಗೆದಾಗ ಧಾರವಾಡ ಜಿಲ್ಲೆಯದೇ ಊರು. ಆ ಚಿತ್ರ ಹಚ್ಚಿದಾಗ ನಾವು ಕಾಯುವುದು ಕಾರ್ನಾಡರಿಗಾಗಿ. ಧಾರವಾಡದಲ್ಲಿ ಬೆಳೆದು ಕರ್ನಾಟಕ ಕಾಲೇಜಿನಲ್ಲಿ ಓದಿದ ಅವರ ಬಾಯಲ್ಲಿ ಈ ಮಣ್ಣಿನ ಮಾತು ವೇಷದಂತಿಲ್ಲ, ಹಾಕಿಕೊಂಡ ಹಳೆಯ ಅಂಗಿಯಂತಿದೆ. ಶಿಷ್ಯನನ್ನು ನೋಡುವ ಅವರ ಕಣ್ಣಿನಲ್ಲಿ ವಾತ್ಸಲ್ಯದ ಜೊತೆ ಒಂದು ತುಂಟತನವಿದೆ. ಅಗ್ರಹಾರ ಸಿಟ್ಟಾಗುತ್ತದೆಂದು ಗೊತ್ತು, ಮಸೀದಿಯವರೂ ಸಿಟ್ಟಾಗುತ್ತಾರೆಂದು ಗೊತ್ತು, ಆ ಸಿಟ್ಟಿನ ಬಗ್ಗೆ ಗುರುವಿಗೆ ಒಳಗೊಳಗೇ ನಗು. ಸಂತರ ಬಗ್ಗೆ ಚಿತ್ರ ಮಾಡುವವರು ಮರೆಯುವುದು ಈ ನಗುವನ್ನೇ.

ಇಷ್ಟಾದರೂ ನಮ್ಮದೊಂದು ತಕರಾರಿದೆ, ಅದು ಚಿತ್ರದ ಮೇಲಿಗಿಂತ ಅದನ್ನು ಬಳಸಿಕೊಳ್ಳುವ ರೀತಿಯ ಮೇಲೆ. ಶರೀಫರು ಗಾಂವಠಿ ಶಾಲೆಯ ಮಾಸ್ತರರು, ಮೊಹರಂನ ಹೆಜ್ಜೆಮೇಳದವರು, ಅಲಾವಿ ಪದಗಳನ್ನು ಕಟ್ಟಿದವರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂ ಮುಸಲ್ಮಾನರು ಕೂಡಿ ರಿವಾಯತ್ ಹಾಡುವ ಪರಂಪರೆ ಇವತ್ತಿಗೂ ಇದೆ. ಜನಪ್ರಿಯ ಕಾರ್ಯಕ್ರಮಗಳಲ್ಲಿ ಉಳಿದುಕೊಂಡಿರುವ ಶರೀಫರಲ್ಲಿ ಈ ಭಾಗ ತೀರ ತೆಳು. ನಿಜವಾದ ಶರೀಫರು ಎರಡೂ ಕಾಲಿನ ಮೇಲೆ ನಿಂತವರು, ನಮಗೆ ಕಾಣಿಸುವುದು ಒಂದೇ ಕಾಲು.

ಜಲೀಲ ಮತ್ತು ಶರೀಫರನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಮತ್ತೆ ಮತ್ತೆ ಪ್ರಸಾರವಾಗುವ ಕನ್ನಡ ಚಿತ್ರಗಳಲ್ಲಿ ಮನಸ್ಸಿನಲ್ಲಿ ಉಳಿಯುವ ಮುಸಲ್ಮಾನರು ಇವರಿಬ್ಬರು. ಒಬ್ಬ ಪೋಲಿ, ಒಬ್ಬ ಸಂತ. ಇವರ ನಡುವೆ ಅಲ್ಲೊಬ್ಬ ಇಲ್ಲೊಬ್ಬ ಲುಂಗಿ ಉಟ್ಟು ಅರೆಬರೆ ಕನ್ನಡ ಮಾತಾಡುವ ನಗೆಪಾತ್ರದವ. ಈ ಅರೆಬರೆ ಕನ್ನಡ ಎಲ್ಲಿಯದೋ ನಮಗೆ ಗೊತ್ತಿಲ್ಲ. ಹಳೇ ಹುಬ್ಬಳ್ಳಿಯ ಹಣ್ಣಿನ ವ್ಯಾಪಾರಿ ಗಿರಾಕಿಯೊಡನೆ ಮಾತಾಡುವುದು ಗಿರಾಕಿಯದೇ ಕನ್ನಡ, "ತಗೋರಿ, ಬಾಯಾಗ ಇಟ್ರ ಕರಗತೈತಿ." ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಧಾರವಾಡ ಕನ್ನಡ, ಎರಡೂ ಒಂದೇ ನಾಲಿಗೆಗೆ. ಆ ವ್ಯಾಪಾರಿ, ಆ ದರ್ಜಿ, ಆ ಮೇಷ್ಟ್ರು, ಆ ನರ್ಸ್ ಪರದೆಯ ಮೇಲೆ ಎಲ್ಲಿ? ನೆರೆಯವನನ್ನು ಟಿ.ವಿ.ಯಿಂದ ಅರಿಯುವ ಮಗುವಿಗೆ ನಾವು ಕೊಟ್ಟ ಆಯ್ಕೆ ಇಷ್ಟೇ ಆದರೆ, ಸಂತರಾಗಲಾರದ ನಾವೆಲ್ಲ ಆ ಮಗುವಿನ ಕಣ್ಣಿಗೆ ಯಾರಾಗಿ ಕಾಣಬೇಕು?

ಇದು ಹುಬ್ಬಳ್ಳಿಗೆ ಹಗುರ ಪ್ರಶ್ನೆಯಲ್ಲ. ಈದ್ಗಾ ಮೈದಾನದ ವಿವಾದದ ಕಾಲ ಇಲ್ಲಿಯವರಿಗೆ ನೆನಪಿದೆ. 1994ರ ಆಗಸ್ಟ್ 15ರಂದು ಗೋಲಿಬಾರಿನಲ್ಲಿ ಜನ ಸತ್ತರು, ಕರ್ಫ್ಯೂ ಬಿತ್ತು. ಅಂಥ ದಿನಗಳಲ್ಲಿ ಬಾಗಿಲು ಹಾಕಿಕೊಂಡ ಮನೆಗಳೊಳಗೆ, ನಡುಗೋಡೆಯ ಎರಡೂ ಕಡೆ, ಬೆಳಕು ಬಿಟ್ಟದ್ದು ಟಿ.ವಿ. ಒಂದೇ. ಅದೇ ವರ್ಷ ಉದಯ ಟಿ.ವಿ. ಶುರುವಾಯಿತು. ಮುಂದೆ 2000ದಲ್ಲಿ ಈಟಿವಿ, 2006ರಲ್ಲಿ ಝೀ, ಮರುವರ್ಷ ಸುವರ್ಣ ಬಂದವು. ಪ್ರಸಾರದ ಗಂಟೆಗಳು ಹೆಚ್ಚಿದಷ್ಟೂ ಹಳೆಯ ಚಿತ್ರಗಳು ಮತ್ತೆ ಮತ್ತೆ ಬಂದವು, ಯಾವುದು ಬರಬೇಕೆಂದು ತೀರ್ಮಾನಿಸಿದ್ದು ಮಾರುಕಟ್ಟೆ.

ಆ ಮಾರುಕಟ್ಟೆ ಹೆಚ್ಚು ಹಚ್ಚದ ಎರಡು ಚಿತ್ರಗಳಿವೆ. ಎರಡೂ ಗಿರೀಶ ಕಾಸರವಳ್ಳಿಯವರವು, ಎರಡರ ನಾಯಕಿಯರಿಗೂ ರಾಷ್ಟ್ರಪ್ರಶಸ್ತಿ ಬಂತು. 'ಹಸೀನಾ' (2004) ಬಾನು ಮುಷ್ತಾಕರ 'ಕರಿ ನಾಗರಗಳು' ಕತೆಯಿಂದ ಬಂದದ್ದು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಆಟೋ ಓಡಿಸುವ ಗಂಡ ಕೈಬಿಟ್ಟ ಹೆಂಗಸು ಜಮಾಅತಿನ ಮುಂದೆ ನ್ಯಾಯ ಕೇಳಿ, ಮುತವಲ್ಲಿ ಕಿವಿಗೊಡದಿದ್ದಾಗ ಮಸೀದಿಯ ಬಾಗಿಲಲ್ಲಿ ಮಕ್ಕಳೊಡನೆ ಕೂರುತ್ತಾಳೆ. ತಾರಾ ಆ ಪಾತ್ರದಲ್ಲಿ ಅಳುವುದು ಕಡಿಮೆ, ಕಾಯುವುದು ಹೆಚ್ಚು. ಆ ಕಾಯುವಿಕೆ ನೋಡುವವರ ಎದೆಯ ಮೇಲೆ ಕಲ್ಲಿನಂತೆ ಕೂರುತ್ತದೆ. ಚಿತ್ರದ ದೋಷ ಹೇಳುವುದಾದರೆ, ಜಮಾಅತಿನ ಗಂಡಸರು ಬಹುಪಾಲು ಒಂದೇ ಬಣ್ಣದವರು, ಒಬ್ಬರಲ್ಲಾದರೂ ಒಳಗಿನ ತೊಳಲಾಟ ಕಾಣಬೇಕಿತ್ತು. ಅದಕ್ಕೆ ಸಿಕ್ಕ ಇನ್ನೊಂದು ರಾಷ್ಟ್ರಪ್ರಶಸ್ತಿ ಕುಟುಂಬ ಕಲ್ಯಾಣದ ವಿಭಾಗದ್ದು. ಶರೀಅತ್ ತನಗೆ ಕೊಟ್ಟ ಹಕ್ಕನ್ನೇ ಕೊಡಿ ಎಂದು ಕೇಳುವ ಹೆಣ್ಣಿನ ಕತೆ ಸರಕಾರದ ಕಣ್ಣಿಗೆ ಕುಟುಂಬ ಯೋಜನೆಯಾಗಿ ಕಂಡಿತು!

ಇಂಥ ಚಿತ್ರ ನಮ್ಮ ಮನೆಯ ಗುಟ್ಟನ್ನು ಬೀದಿಗೆ ತರುತ್ತದೆಂದು ಮುಖ ತಿರುಗಿಸುವವರು ನಮ್ಮಲ್ಲಿದ್ದಾರೆ. ಅವರಿಗೆ ಜಲೀಲ ನಡೆಯುತ್ತಾನೆ, ಅವನನ್ನು ನೋಡಿ ನಗಬಹುದು. ಹಸೀನಾ ನಡೆಯುವುದಿಲ್ಲ. ಆದರೆ ಹೊರಗಿನವರು ನಮ್ಮನ್ನು ಮನುಷ್ಯರಾಗಿ ಕಾಣಬೇಕೆಂದು ಬಯಸುವವರು, ನಮ್ಮ ಒಳಗಿನ ಜಗಳವನ್ನೂ ಅವರಿಗೆ ಕಾಣಗೊಡಬೇಕಾಗುತ್ತದೆ. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಸುದ್ದಿವಾಹಿನಿಗಳಲ್ಲಿ ಬಾನು ಅವರ ಮುಖ ದಿನವಿಡೀ ಇತ್ತು. 'ಕರಿ ನಾಗರಗಳು' ಆ ಸಂಕಲನದಲ್ಲೂ ಇದೆ. ಆ ವಾರ ಒಂದು ಭಾನುವಾರ ಮಧ್ಯಾಹ್ನ 'ಹಸೀನಾ' ಹಚ್ಚುತ್ತಾರೇನೋ ಎಂದು ನಾವು ಕಾದೆವು, ನಮ್ಮ ಕಣ್ಣಿಗಂತೂ ಬೀಳಲಿಲ್ಲ.

'ಗುಲಾಬಿ ಟಾಕೀಸ್' (2008) ಟಿ.ವಿ.ಯ ಬಗ್ಗೆಯೇ ಇರುವ ಚಿತ್ರ. ವೈದೇಹಿಯವರ ಕತೆಯಲ್ಲಿ ಊರಿಗೆ ಟಾಕೀಸು ಬರುತ್ತದೆ, ಕಾಸರವಳ್ಳಿ ಅದನ್ನು ಬಡ ಸೂಲಗಿತ್ತಿಯ ಮನೆಯ ಬಣ್ಣದ ಟಿ.ವಿ.ಯಾಗಿ ಬದಲಿಸಿದರು. ಕರಾವಳಿಯ ಮೀನುಗಾರರ ಕುದ್ರು, ಕಾರ್ಗಿಲ್ ಯುದ್ಧದ ಕಾಲ. ಗುಲಾಬಿ ಮುಸಲ್ಮಾನಳು, ಗಂಡ ಮೂಸ ಇನ್ನೊಂದು ಸಂಸಾರ ಹೂಡಿದ್ದಾನೆ, ಸಿನಿಮಾದ ಹುಚ್ಚೊಂದೇ ಅವಳ ಸುಖ. ಸಿನಿಮಾ ನೋಡುತ್ತಿದ್ದವಳನ್ನು ಹೆರಿಗೆಗೆ ಎಬ್ಬಿಸಿಕೊಂಡು ಹೋದವರು ಅದಕ್ಕೆ ಪ್ರತಿಯಾಗಿ ಡಿಶ್ ಸಮೇತ ಟಿ.ವಿ. ಕೊಡುತ್ತಾರೆ. ಅಲ್ಲಿಯವರೆಗೆ ಹೊಸಿಲು ತುಳಿಯದಿದ್ದ ಹೆಂಗಸರು ಒಬ್ಬೊಬ್ಬರೇ ಒಳಗೆ ಬರುತ್ತಾರೆ. ಅಷ್ಟರಲ್ಲಿ ಹೊರಗೆ, ದೊಡ್ಡ ಬೋಟಿನವರಿಗೂ ಸಣ್ಣ ದೋಣಿಯವರಿಗೂ ಇದ್ದ ಹೊಟ್ಟೆಪಾಡಿನ ಜಗಳ ನಿಧಾನಕ್ಕೆ ಧರ್ಮದ ಜಗಳದ ಬಟ್ಟೆ ತೊಡುತ್ತದೆ. ಉಮಾಶ್ರೀ ಗುಲಾಬಿಯನ್ನು ಸಂತಳನ್ನಾಗಿ ಮಾಡುವುದಿಲ್ಲ. ಅವಳಿಗೆ ಸಣ್ಣ ಸುಳ್ಳುಗಳಿವೆ, ಜಂಬವಿದೆ, ತನ್ನ ಟಿ.ವಿ.ಯ ಮುಂದೆ ಕೂತವರನ್ನು ನೋಡುವಾಗ ಮನೆಯೊಡತಿಯ ಒಂದು ಗತ್ತಿದೆ. ಕನ್ನಡ ಪರದೆಯ ಮೇಲೆ ಜಲೀಲನಿಗೂ ಶರೀಫರಿಗೂ ನಡುವೆ ಖಾಲಿ ಬಿದ್ದ ಜಾಗದಲ್ಲಿ ಅವಳು ಬಂದು ಕೂತಿದ್ದಾಳೆ.

ಮೊಬೈಲಿನಲ್ಲಿ ಹುಡುಕಿ ನೋಡಬಹುದಲ್ಲ ಎನ್ನುವವರಿದ್ದಾರೆ. ನೋಡಬಹುದು, ಒಬ್ಬೊಬ್ಬರೇ, ಕಿವಿಗೆ ವೈರು ಸಿಕ್ಕಿಸಿಕೊಂಡು. ಹುಡುಕುವವನಿಗೆ ಏನು ಬೇಕೆಂದು ಮೊದಲೇ ಗೊತ್ತಿರುತ್ತದೆ. ಟಿ.ವಿ.ಯ ಗುಣವೇ ಬೇರೆ, ಬೇಡದಿದ್ದವರ ಮುಂದೆಯೂ ಅದು ಚಿತ್ರ ಇಡುತ್ತದೆ. ಲಟ್ಟಣಿಗೆ ಹಿಡಿದು ಬಾಗಿಲಲ್ಲಿ ನಿಂತವರು, ಸಕ್ಕರೆ ಕೇಳಲು ಬಂದ ನೆರೆಮನೆಯವರು ಐದು ನಿಮಿಷವೆಂದು ನಿಂತು ಪೂರ್ತಿ ನೋಡುತ್ತಾರೆ. ಗುಲಾಬಿಯ ಮನೆಗೆ ಆ ಹೆಂಗಸರು ಬಂದದ್ದೂ ಹಾಗೆಯೇ, ಯಾರೂ ಸೌಹಾರ್ದ ಸಾಧಿಸಲು ಬಂದವರಲ್ಲ. ಕೊನೆಗೆ ಊರು ಅವಳನ್ನು ದೋಣಿ ಹತ್ತಿಸಿ ಕಳಿಸಿಬಿಡುತ್ತದೆ, ಟಿ.ವಿ. ಮಾತ್ರ ಅಲ್ಲೇ ಉಳಿಯುತ್ತದೆ.